ಡೊರೊಥಿ ರಿಚರ್ಡ್ಸನ್ ಯಾರ ಹಿಂಬಾಲಕಿಯೂ ಅಲ್ಲ

ಪ್ರಶ್ನೆ: ಇಂಗ್ಲಿಷ್ ಕಾದಂಬರಿಗಾರ್ತಿ ರಿಚರ್ಡ್ಸನ್ ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ ಅವರ ದಾರಿ ಹಿಡಿದವರು ಅಲ್ವಾ? ಹೆಂಗಸಿನ ಕಥೆ ಬರೆದರು ಅಂತ ಅದು ‘ಸ್ತ್ರೀ ಬರಹ’, ಅಂದರೆ ಹೆಣ್ಣಿನದೇ ರೀತಿಯ ಬರಹ, ಆಯ್ತಾ?

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬೇಸರವಾಗುತ್ತದೆ. ಮೊದಲು ಇಸವಿ ನೋಡಿ. ರಿಚರ್ಡ್ಸನ್ ಅವರ ‘ಪಿಲ್ಗ್ರಿಮೇಜ್’ ಕಾದಂಬರಿ ಸರಣಿಯ ಮೊದಲ ಭಾಗ ‘ಪಾಯಿಂಟೆಡ್ ರೂಫ್ಸ್’ ಬಂದದ್ದು 1915ರಲ್ಲಿ. ಜಾಯ್ಸ್ ಅವರ ‘ಯುಲಿಸಿಸ್’ ಪುಸ್ತಕವಾದದ್ದು 1922ರಲ್ಲಿ. ಅಷ್ಟು ಹೊತ್ತಿಗೆ ರಿಚರ್ಡ್ಸನ್ ಅವರ ಸರಣಿಯ ಆರು ಭಾಗಗಳು ಬಂದಾಗಿತ್ತು. ಸಾರಾಂಶ ಬರೆದು ಮಾರುವವರು ಇದನ್ನು ತಿರುಗುಮುರುಗು ಮಾಡಿದ್ದಾರೆ. ಅವರನ್ನು ನಂಬಬೇಡಿ.

ಹೆಂಗಸಿನ ಕಥೆಯಾದ ಮಾತ್ರಕ್ಕೆ ಸ್ತ್ರೀ ಬರಹ ಆಗುವುದಿಲ್ಲ. ವಾಕ್ಯ ನೋಡಬೇಕು. ಕಾದಂಬರಿಯ ಶುರುವಿನಲ್ಲೇ ನಾಯಕಿ ಮಿರಿಯಂ ಮೆಟ್ಟಿಲು ಹತ್ತುತ್ತಾಳೆ. ಮಾರ್ಚ್ ತಿಂಗಳ ಸಂಜೆ. ಮೆಟ್ಟಿಲ ಮೇಲೆ ಕತ್ತಲು. ಕೋಣೆಯಲ್ಲಿ ಬೆಂಕಿಯ ಬೆಳಕಿಗೆ ಹೊಸ ಟ್ರಂಕು ಹೊಳೆಯುತ್ತಿದೆ. ಅವಳು ಪಾಠ ಹೇಳಲು ಜರ್ಮನಿಗೆ ಹೊರಟಿದ್ದಾಳೆ. ಯಾಕೆ ಹೊರಟಳು, ಮನೆಯಲ್ಲಿ ಏನು ಕಷ್ಟ ಅಂತ ಲೇಖಕಿ ನಡುವೆ ಬಂದು ಹೇಳುವುದಿಲ್ಲ. ಅವಳ ಮನಸ್ಸಿಗೆ ಬಂದಾಗಷ್ಟೇ ನಮಗೂ ಗೊತ್ತಾಗುತ್ತದೆ. 13 ಭಾಗ ಮುಗಿಯುವವರೆಗೂ ನಾವು ಆ ಒಂದು ಮನಸ್ಸಿನ ಒಳಗೇ ಇರುತ್ತೇವೆ.

1923ರಲ್ಲಿ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಇದನ್ನು ಸರಿಯಾಗಿ ಹಿಡಿದರು. ಅವರ ಪ್ರಕಾರ ಇದು ಹೆಣ್ಣಿನ ವಾಕ್ಯ, ಆದರೆ ಒಂದೇ ಅರ್ಥದಲ್ಲಿ. ಹೆಣ್ಣಿನ ಮನಸ್ಸಿನ ಆಳದಲ್ಲಿ ಏನೇ ಸಿಗಲಿ, ಅದಕ್ಕೆ ಹೆಮ್ಮೆಪಡದ, ಅಂಜದ ಲೇಖಕಿಯೊಬ್ಬರು ಆ ಮನಸ್ಸನ್ನು ತೋರಿಸಲೆಂದೇ ರೂಪಿಸಿದ ವಾಕ್ಯ ಅದು. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಪ್ರಶ್ನೆ: ಮನಸ್ಸಿನ ಯೋಚನೆ ಹರಿದಂತೆಯೇ ಬರೆಯುವ ಇದನ್ನು ‘ಪ್ರಜ್ಞಾಪ್ರವಾಹ’ ಅನ್ನಬಹುದಾ?

ಉತ್ತರ: 1918ರಲ್ಲಿ ಕಾದಂಬರಿಗಾರ್ತಿ ಮೇ ಸಿಂಕ್ಲೇರ್ ಹಾಗೆ ಅಂದರು, ರಿಚರ್ಡ್ಸನ್‌ಗೆ ಆ ಮಾತು ಹಿಡಿಸಲಿಲ್ಲ.

ಪ್ರಶ್ನೆ: ಅಲ್ಪವಿರಾಮ, ಪೂರ್ಣವಿರಾಮ ಬಿಟ್ಟು ಬರೆದರೆ ಸ್ತ್ರೀ ಬರಹ ಆಗುತ್ತದೆ ಅಂತ ಒಂದು ಶಿಬಿರದಲ್ಲಿ ಹೇಳಿಕೊಟ್ಟರು. ನಿಜವೇ?

ಉತ್ತರ: ಖಂಡಿತ ಅಲ್ಲ. ಹೆಣ್ಣಿನ ಗದ್ಯಕ್ಕೆ ಈ ಚಿಹ್ನೆಗಳ ಅಡ್ಡಿ ಇರಬಾರದು ಅಂತ ‘ಪಿಲ್ಗ್ರಿಮೇಜ್’ನ 1938ರ ಮುನ್ನುಡಿಯಲ್ಲಿ ರಿಚರ್ಡ್ಸನ್ ಬರೆದಿದ್ದಾರೆ, ಒಪ್ಪುತ್ತೇನೆ. ಆದರೆ ಈ ಗುಟ್ಟು ಗೊತ್ತಿದ್ದವರು ಅಂತ ಅವರು ಅಲ್ಲಿ ಹೆಸರಿಸಿದ್ದು ಡಿಕೆನ್ಸ್ ಮತ್ತು ಜಾಯ್ಸ್ ಅವರನ್ನು. ಇಬ್ಬರೂ ಗಂಡಸರು! ಮೊದಲು ಮನಸ್ಸಿನ ಓಟ ಕೈಗೆ ಸಿಗಬೇಕು. ಅದಿಲ್ಲದೆ ಸುಮ್ನೆ ಚಿಹ್ನೆ ಅಳಿಸಿದರೆ ಓದುವವರಿಗೆ ಕಷ್ಟ ಜಾಸ್ತಿಯಾಗುತ್ತದೆ, ಅಷ್ಟೇ.

ಪ್ರಶ್ನೆ: ಸ್ತ್ರೀ ಬರಹದ ಬಗ್ಗೆ ಫ್ರೆಂಚ್ ಲೇಖಕಿ ಎಲೆನ್ ಸಿಕ್ಸೂ ಬರೆದದ್ದು ರಿಚರ್ಡ್ಸನ್ ಮೇಲೆ ಪ್ರಭಾವ ಬೀರಿತೇ?

ಉತ್ತರ: ಸಿಕ್ಸೂ ಅವರ ಆ ಪ್ರಬಂಧ 1975ರದ್ದು. ರಿಚರ್ಡ್ಸನ್ ತೀರಿಕೊಂಡದ್ದು 1957ರಲ್ಲಿ.