ಮೂಲೆಯ ಕಂಬವನ್ನು ಒಳಗೆ ಸರಿಸಿ

ಪ್ರಶ್ನೆ: ಸರ್, ಕಾಲೇಜಿನ ಪ್ರಾಜೆಕ್ಟಿಗೆ ಅಥೆನ್ಸಿನ ಪಾರ್ಥೆನಾನ್ ಗುಡಿಯಲ್ಲಿ ನಡೆಯುವ ವಿಡಿಯೋ ಗೇಮ್ ಮಾಡುತ್ತಿದ್ದೇನೆ. ನನ್ನ ಮಾದರಿಯನ್ನು ನೋಡಿ ನಮ್ಮಪ್ಪ, ‘ಇದು ಯಾವ ಊರಿನ ಕಲ್ಯಾಣ ಮಂಟಪ?’ ಎಂದರು. ಕಂಬಗಳನ್ನೆಲ್ಲ ಸಮ ಅಂತರದಲ್ಲೇ ನಿಲ್ಲಿಸಿದ್ದೇನೆ, ಆದರೂ ಮೂಲೆಯಲ್ಲಿ ಏನೋ ಕೆಟ್ಟಿದೆ. ಮೆಟ್ಟಿಲನ್ನು ನಿಜವಾದ ಅಳತೆಗೆ ಮಾಡಿದರೆ ಆಟದ ಪಾತ್ರ ಹತ್ತುವುದೇ ಇಲ್ಲ. ಚಿತ್ರ ಕಳಿಸಿದ್ದೇನೆ.
– ವಿದ್ಯಾರ್ಥಿನಿ, ಗದಗ-ಬೆಟಗೇರಿ

ಉತ್ತರ: ತಂಗಿ, ನಿಮ್ಮ ಅಪ್ಪನವರ ಕಣ್ಣು ಚುರುಕಾಗಿದೆ. ಚಿತ್ರದಲ್ಲಿ ಕಂಬಗಳ ಬುಡಕ್ಕೆ ದುಂಡನೆಯ ಪೀಠವಿದೆ, ಮೈ ನುಣುಪಾಗಿದೆ, ನಿಲುವು ಸಪೂರ. ನಮ್ಮ ಹುಬ್ಬಳ್ಳಿಯಲ್ಲಿ ಮದುವೆಗೆ ಬಾಡಿಗೆಗೆ ತರುವ ಫೈಬರ್ ಕಂಬಗಳೂ ಹೀಗೇ ಇರುತ್ತವೆ. ಪಾರ್ಥೆನಾನಿನ ಹೊರಸಾಲಿನಲ್ಲಿರುವುದು ಡೋರಿಕ್ ಎಂಬ ಗ್ರೀಕ್ ಶೈಲಿಯ ಕಂಬ. ಅದಕ್ಕೆ ಪೀಠವೇ ಇಲ್ಲ, ಮೇಲಿನ ಮೆಟ್ಟಿಲ ಮೇಲೆ ನೇರವಾಗಿ ಕುಳಿತಿರುತ್ತದೆ. ಬುಡದ ದಪ್ಪ 1.9 ಮೀಟರ್, ಎತ್ತರ 10.4 ಮೀಟರ್. ದಪ್ಪದ ಐದೂವರೆ ಪಟ್ಟು ಎತ್ತರ, ಅಷ್ಟೇ.

ಲಕ್ಕುಂಡಿ ನಿಮಗೆ ಹತ್ತಿರ. ಅಲ್ಲಿಯ ಗುಡಿಗಳ ಕಂಬಗಳು ತಿರುಗಣಿಯಲ್ಲಿ ಕಡೆದಂತಿವೆ. ಪಕ್ಕದ ಅಂಚಿನ ಗೆರೆಯೊಂದನ್ನು ಎಳೆದು, 3ಡಿ ಮಾದರಿ ಮಾಡುವ ತಂತ್ರಾಂಶ ಬ್ಲೆಂಡರಿನಲ್ಲಿ ಸುತ್ತ ತಿರುಗಿಸಿದರೆ ಕಂಬದ ಮುಕ್ಕಾಲು ಪಾಲು ಸಿಕ್ಕಿತು. ಅದೇ ದಾರಿ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಡೋರಿಕ್ ಕಂಬಕ್ಕೆ ಉದ್ದಕ್ಕೂ 20 ತೋಡುಗಳಿವೆ. 18 ಡಿಗ್ರಿಯ ಒಂದೇ ಸೀಳನ್ನು ಮಾಡಿ 20 ಸಲ ಸುತ್ತ ಜೋಡಿಸಿ.

ಇನ್ನು ಮೂಲೆ. ನಾನೂ ಇಲ್ಲೇ ಮುಗ್ಗರಿಸಿದವನು. ಕಟ್ಟಡಗಳ ನಕ್ಷೆ ಬರೆಯುವುದನ್ನು ಬಿಟ್ಟು ಕಂಪ್ಯೂಟರಿನಲ್ಲಿ ಮಾದರಿ ಮಾಡುವ ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಕಂಬ ಮಾಡಿ, ಉಳಿದವನ್ನು ಸಮ ಅಂತರದಲ್ಲಿ ನಕಲಿಸಿ, ಹೆಮ್ಮೆಯಿಂದ ಕಳಿಸಿದ್ದೆ. ‘ಚಾವಣಿ ಯಾಕೆ ಕೂಡುತ್ತಿಲ್ಲ?’ ಎಂಬ ಒಂದೇ ಸಾಲಿನ ಜೊತೆ ಕಡತ ವಾಪಸು ಬಂತು. ಎರಡು ರಾತ್ರಿ ಚಾವಣಿಯನ್ನೇ ಎಳೆದಾಡಿದೆ. ತಪ್ಪಿದ್ದದ್ದು ಕೆಳಗೆ.

ತೊಲೆಯ ಮೇಲಿನ ಪಟ್ಟಿಯನ್ನು ನೋಡಿ. ಮೂರು ನಿಲುವು ಪಟ್ಟಿಗಳ ಟ್ರೈಗ್ಲಿಫ್, ಪಕ್ಕದಲ್ಲಿ ಮೆಟೊಪೆ ಎಂಬ ಚೌಕದ ಫಲಕ, ಮತ್ತೆ ಟ್ರೈಗ್ಲಿಫ್. ಪ್ರತಿ ಕಂಬದ ನೆತ್ತಿಗೆ ಒಂದು ಟ್ರೈಗ್ಲಿಫ್, ಎರಡು ಕಂಬಗಳ ನಡುವೆ ಇನ್ನೊಂದು. ಮೂಲೆಯಲ್ಲಿ ಮಾತ್ರ ಎರಡೂ ಬದಿಯ ಟ್ರೈಗ್ಲಿಫ್‌ಗಳು ಅಂಚಿಗೆ ಬಂದು ಕೂಡಲೇಬೇಕು. ಕಂಬದ ನಡುಮಧ್ಯ ಅಂಚಿನಿಂದ ಒಳಗಿರುವುದರಿಂದ ಟ್ರೈಗ್ಲಿಫ್ ಹೊರಗೆ ಸರಿಯುತ್ತದೆ, ಪಕ್ಕದ ಮೆಟೊಪೆ ಹಿಗ್ಗುತ್ತದೆ. ಹಿಗ್ಗಬಾರದೆಂದು ಗ್ರೀಕರು ಮೂಲೆಯ ಕಂಬವನ್ನೇ ಒಳಗೆ ಎಳೆದರು. ಬೇರೆಡೆ ಮಧ್ಯದಿಂದ ಮಧ್ಯಕ್ಕೆ ಸುಮಾರು 4.3 ಮೀಟರ್ ಇದ್ದರೆ ಮೂಲೆಯಲ್ಲಿ ಸುಮಾರು 3.7.

ನಂಬಿಕೆ ಬರದಿದ್ದರೆ ಕೂಡಿಸಿ ನೋಡಿ. ಮುಂಭಾಗದಲ್ಲಿ 8 ಕಂಬ, 7 ಅಂತರ. ಐದು 4.3ಗಳು, ಎರಡು 3.7ಗಳು ಸೇರಿ 28.9. ಎರಡು ತುದಿಗಳ ಅರ್ಧರ್ಧ ಕಂಬದ ದಪ್ಪ ಸೇರಿಸಿದರೆ 30.8. ಗುಡಿಯ ಅಗಲ 30.9 ಮೀಟರ್. ಏಳನ್ನೂ 4.3 ಮಾಡಿದರೆ 32 ಆಗುತ್ತದೆ, ಕಂಬ ಜಗುಲಿಯಿಂದ ಆಚೆ ಹೋಗುತ್ತದೆ. ಉದ್ದದ ಬದಿಯ 17 ಕಂಬಗಳಿಗೂ ಇದೇ ಲೆಕ್ಕ. ನಡುವಿನವನ್ನು ನಕಲಿಸಿ, ಮೂಲೆಯ ನಾಲ್ಕನ್ನು ಕೈಯಿಂದಲೇ ನಿಲ್ಲಿಸಿ, ತುಸು ದಪ್ಪವನ್ನೂ ಕೊಡಿ. ನಿಜದ ಗುಡಿಯಲ್ಲೂ ಅವು ದಪ್ಪ.

ಮೆಟ್ಟಿಲಿನಲ್ಲಿ ನಿಮ್ಮ ತಪ್ಪಿಲ್ಲ. ಅವು ಒಂದೊಂದೂ ಅರ್ಧ ಮೀಟರಿಗಿಂತ ಎತ್ತರ. ಆಟ ಕಟ್ಟುವ ತಂತ್ರಾಂಶ ಅನ್‌ರಿಯಲ್ ಎಂಜಿನ್ನಿನ ಪಾತ್ರ ತಾನಾಗಿ ಹತ್ತುವುದು 45 ಸೆಂಟಿಮೀಟರ್ ಮಾತ್ರ. ಪಾರ್ಥೆನಾನಿನದು ಗುಡಿಯ ಗಾತ್ರಕ್ಕೆ ಒಪ್ಪುವ ಮೆಟ್ಟಿಲು, ಮನುಷ್ಯನ ಕಾಲಿಗಲ್ಲ. ಜನ ಹತ್ತಲೆಂದು ಪ್ರವೇಶದ ಕಡೆ ನಡುವೆ ಸಣ್ಣ ಮೆಟ್ಟಿಲುಗಳಿದ್ದವು. ಅಲ್ಲಷ್ಟೇ ಅವನ್ನು ಇಡಿ, ಕಾಣದ ಇಳಿಜಾರನ್ನೂ ಹಾಕಿ. ಬೇರೆ ಕಡೆ ಆಟಗಾರ ಒದ್ದಾಡಲಿ ಬಿಡಿ.

ಹಾಂ, ಎಲ್ಲವನ್ನೂ ಸುಣ್ಣದಂತೆ ಬೆಳ್ಳಗೆ ಬಿಡಬೇಡಿ. ಟ್ರೈಗ್ಲಿಫ್‌ಗಳಿಗೆ ನೀಲಿ ಬಣ್ಣವಿತ್ತು, ಕೆಂಪೂ ಅಲ್ಲಲ್ಲಿ ಇತ್ತು.

ಪ್ರಶ್ನೆ: ರೋಮಿನ ಪ್ಯಾಂಥಿಯನ್ ಗುಮ್ಮಟವನ್ನು ಮಾಡುತ್ತಿದ್ದೇನೆ. ಒಳಗಿನ ಚೌಕದ ಗುಳಿಗಳು ಸಾಲಾಗಿ ಕೂಡುತ್ತಿಲ್ಲ. ನೆತ್ತಿಯ ಕಿಂಡಿಗೆ ಗಾಜು ಹಾಕಲೇ?
– ಓದುಗ, ಹಾವೇರಿ

ಉತ್ತರ: ಬ್ಲೆಂಡರಿನ ಗೋಳ ತಾನಾಗಿ 32 ಭಾಗಗಳೊಂದಿಗೆ ಬರುತ್ತದೆ. ಪ್ಯಾಂಥಿಯನ್ನಿನಲ್ಲಿ ಗುಳಿಗಳು ಸಾಲಿಗೆ 28, ಅಂಥವು ಐದು ಸಾಲು. ಗೋಳವನ್ನು 56 ಭಾಗ ಮಾಡಿ, ಗುಳಿಗೆ ಒಂದು, ಗುಳಿಗಳ ನಡುವಿನ ಪಟ್ಟಿಗೆ ಒಂದು. ವ್ಯಾಸ 43.3 ಮೀಟರ್, ನೆಲದಿಂದ ಕಿಂಡಿಯವರೆಗಿನ ಎತ್ತರವೂ ಅಷ್ಟೇ.

ಗಾಜು ಬೇಡವೇ ಬೇಡ. ಸುಮಾರು 9 ಮೀಟರ್ ಅಗಲದ ಆ ಕಿಂಡಿ ಇವತ್ತಿಗೂ ತೆರೆದಿದೆ, ಮಳೆ ನೇರ ಒಳಗೇ ಬೀಳುತ್ತದೆ. ನೆಲಕ್ಕೆ ತುಸು ಇಳಿಜಾರು ಕೊಡಿ, ನೀರು ಇಳಿಯಲು ಸಣ್ಣ ತೂತುಗಳನ್ನೂ ಕೊರೆಯಿರಿ.