ಓದುಗರ ಪ್ರಶ್ನೆ: ಭೌತಶಾಸ್ತ್ರದಿಂದ ರೋಗಿಯವರೆಗೆ

ಪ್ರಶ್ನೆ: ಕೇಪ್ ಟೌನ್ ವಿಶ್ವವಿದ್ಯಾಲಯವೆಂದರೆ 1967ರ ಹೃದಯ ಕಸಿ ಮಾತ್ರ ನೆನಪಾಗುತ್ತದೆ. ಅಲ್ಲಿನ ವಿಜ್ಞಾನ ವಿಭಾಗಗಳು ವೈದ್ಯಕೀಯಕ್ಕೆ ಏನಾದರೂ ಕೊಟ್ಟಿವೆಯೇ?

ಉತ್ತರ: ಖಂಡಿತ ಕೊಟ್ಟಿವೆ. ನನ್ನ ದೃಷ್ಟಿಯಲ್ಲಿ, ಆ ಹೃದಯ ಕಸಿ ಮಾಡಿದ ಶಸ್ತ್ರವೈದ್ಯ ಕ್ರಿಸ್ಟಿಯಾನ್ ಬರ್ನಾರ್ಡ್ ಅವರ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಜನರನ್ನು ತಲುಪಿರುವುದು ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅಲನ್ ಕಾರ್ಮ್ಯಾಕ್ ಅವರ ಕೆಲಸ. ವಿಕಿರಣಶೀಲ ಐಸೋಟೋಪುಗಳ ಬಳಕೆಯನ್ನು ಅರ್ಹ ಭೌತವಿಜ್ಞಾನಿಯೇ ನೋಡಿಕೊಳ್ಳಬೇಕೆಂಬ ಕಾನೂನಿನ ಕಾರಣದಿಂದ 1956ರಲ್ಲಿ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅವರಿಗೆ, ದೇಹದ ಬೇರೆ ಬೇರೆ ಭಾಗಗಳು ಕಿರಣಗಳನ್ನು ಎಷ್ಟೆಷ್ಟು ಹೀರುತ್ತವೆ ಎಂಬುದನ್ನು ಹೊರಗಿನಿಂದಲೇ ಲೆಕ್ಕ ಹಾಕಬಹುದೆಂದು ಹೊಳೆಯಿತು. ಮರದ ಬಳೆಯ ನಡುವೆ ಅಲ್ಯೂಮಿನಿಯಂ ಬಿಲ್ಲೆಯನ್ನಿಟ್ಟು ಗಾಮಾ ಕಿರಣ ಹಾಯಿಸಿದಾಗ, ಬಿಲ್ಲೆಯ ಮಧ್ಯದಲ್ಲಿ ಬೇರೆ ಬಗೆಯ ಅಲ್ಯೂಮಿನಿಯಂನ ಸಣ್ಣ ಬೆಣೆ ಸೇರಿಕೊಂಡಿದ್ದುದನ್ನೂ ಅವರ ಲೆಕ್ಕ ಪತ್ತೆಹಚ್ಚಿತು! 1963 ಮತ್ತು 1964ರ ಅವರ ಪ್ರಬಂಧಗಳನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ; ಇದೇ ತತ್ವದ ಮೇಲೆ ದೇಹದೊಳಗಿನ ಅಡ್ಡಸೀಳು ಚಿತ್ರ ತೆಗೆಯುವ ಸಿ.ಟಿ. ಸ್ಕ್ಯಾನ್ ಬಳಕೆಗೆ ಬಂದ ಮೇಲೆ, 1979ರಲ್ಲಿ ಆ ಯಂತ್ರವನ್ನು ರೂಪಿಸಿದ ಬ್ರಿಟಿಷ್ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ರಸಾಯನಶಾಸ್ತ್ರವೂ ಹಿಂದೆ ಬಿದ್ದಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಕೆಲ್ಲಿ ಚಿಬಾಲೆ 2010ರಲ್ಲಿ ಸ್ಥಾಪಿಸಿದ ಔಷಧ ಸಂಶೋಧನಾ ಕೇಂದ್ರವು ಮಲೇರಿಯಾ ಮತ್ತು ಕ್ಷಯಕ್ಕೆ ಹೊಸ ಔಷಧಗಳನ್ನು ಹುಡುಕುತ್ತಿದೆ.