ಇನ್ನೊಂದೇ ಆಟ ಅಂತ ರಾತ್ರಿ ಎರಡು ಗಂಟೆ

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು. ನಿದ್ರೆ ಬರಲ್ಲ ಅಂತ ಬಂದರು. ಮಾತಾಡುತ್ತಾ ಹೋದಂತೆ ಗೊತ್ತಾಯಿತು, ಈ ಮನುಷ್ಯ ಮಲಗೋದೇ ಇಲ್ಲ. ರಾತ್ರಿ ಎರಡರವರೆಗೆ ಫೋನಿನಲ್ಲಿ ಚೆಸ್, ಮೂರು ಮೂರು ನಿಮಿಷದ ಬ್ಲಿಟ್ಜ್ ಅನ್ನೋ ವೇಗದ ಆಟ, ಒಂದು ಸೋತರೆ ಹೋದ ರೇಟಿಂಗ್ ಅಂಕ ವಾಪಸ್ ತರೋಕೆ ಇನ್ನೊಂದು, ಅದೂ ಹೋದರೆ ಮತ್ತೊಂದು.

ಮೂರು ವರ್ಷದಿಂದ ಕಲಿಯುತ್ತಿದ್ದಾರೆ. ಒಂದು ವರ್ಷದಿಂದ ರೇಟಿಂಗ್, ಅಂದರೆ ಆಟಗಾರರ ಬಲ ಅಳೆಯುವ ಸಂಖ್ಯೆ, ಇದ್ದಲ್ಲೇ ಇದೆ. ಅದರ ಮೇಲೆ ಟೂರ್ನಮೆಂಟಿನಲ್ಲಿ ಒಂಬತ್ತು ವರ್ಷದ ಹುಡುಗಿ ಕೈಲಿ ಸೋಲು. "ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ ಮೇಡಂ. ನಾನು ಯೋಚನೆ ಮಾಡ್ತಾ ಕೂತರೆ ಎದ್ದು ಪಕ್ಕದ ಬೋರ್ಡ್ ನೋಡೋಕೆ ಹೋಗ್ತಿದ್ದಳು."

ನನಗೆ ಕಾಯಿ ನಡೆಸೋದು ಗೊತ್ತು, ಅಷ್ಟೇ. ಆದರೂ ಆ ಆಟ ತೋರಿಸಿ ಅಂದೆ. ನಡೆ ಬರೆದಿಟ್ಟ ಹಾಳೆ ನೋಡದೆ 26 ನಡೆ ಇಟ್ಟು ತೋರಿಸಿದರು. ಇಷ್ಟು ನೆನಪಿರುವವರು "ನನ್ನ ತಲೆ ಮುಗೀತು" ಅಂತ ಗೋಳಾಡುತ್ತಾರೆ! 27ಕ್ಕೆ ಕೈ ನಿಂತಿತು. ಆಗ ಅವರ ಹತ್ತಿರ ಒಂದು ಕುದುರೆ ಜಾಸ್ತಿ ಇತ್ತು. "ಗೆದ್ದೆ ಅಂದುಕೊಂಡು, ಎಷ್ಟು ಅಂಕ ಬರುತ್ತೆ ಅಂತ ಲೆಕ್ಕ ಹಾಕ್ತಿದ್ದೆ." ಅದೇ ಗುಂಗಿನಲ್ಲಿ ರಾಜನ ಸಾಲು ಕಾಯುತ್ತಿದ್ದ ಆನೆಯನ್ನು ಎತ್ತಿದ್ದಾರೆ. ಹುಡುಗಿ ತನ್ನ ಆನೆ ತಂದು ಆ ಸಾಲಿನಲ್ಲಿಟ್ಟಳು. ಮೇಟ್.

ವಿಶ್ವ ಚೆಸ್ ಸಂಸ್ಥೆ ಫಿಡೆಯ ರೇಟಿಂಗ್ ನಿಯಮವನ್ನು ನನಗೆ ವಿವರಿಸಿದವರು ಅವರೇ, ಅದನ್ನೇ ಅವರಿಗೆ ತಿರುಗಿಸಿ ಹೇಳಿದೆ. ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬಹುದು ಅಂತ ಹೇಳುವ ಕೆ ಅಂಶ, 18 ತುಂಬದ, ರೇಟಿಂಗ್ 2300ರ ಕೆಳಗಿನ ಮಕ್ಕಳಿಗೆ 40, ನಿಮಗೆ 20. ಅಂದರೆ ಅದೇ ಗೆಲುವಿಗೆ ಮಕ್ಕಳ ರೇಟಿಂಗ್ ನಿಮ್ಮದಕ್ಕಿಂತ ದುಪ್ಪಟ್ಟು ಅಂಕ ಏರುತ್ತದೆ. ಬೇಗ ಬೆಳೆಯುವ ಮಕ್ಕಳ ಹಿಂದೆ ಸಂಖ್ಯೆ ಓಡಬೇಕಲ್ವಾ? ಇನ್ನು, ರೇಟಿಂಗಿನಲ್ಲಿ 200 ಮೇಲಿರುವವರಿಗೂ, ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂತ ಎಣಿಸಿದರೆ, ನೂರು ಆಟಕ್ಕೆ ಸುಮಾರು 76 ಅಂಕವೇ ಲೆಕ್ಕ. ಮಿಕ್ಕ 24 ಎದುರಾಳಿಗೆ. ಆ ಇಪ್ಪತ್ನಾಲ್ಕರಲ್ಲಿ ನಿಮ್ಮದೂ ಒಂದು ಅಂದುಕೊಳ್ಳಿ.

ಸಲಹೆ ಜಾಸ್ತಿ ಕೊಡಲಿಲ್ಲ. ಆ್ಯಪ್‌ನಲ್ಲಿ ರೇಟಿಂಗ್ ಕಾಣದ ಹಾಗೆ ಮಾಡಿ. ಎರಡು ಸೋಲಾದರೆ ಆ ದಿನಕ್ಕೆ ಸಾಕು. ರಾತ್ರಿ ಫೋನ್ ಹಾಲ್‌ನಲ್ಲಿರಲಿ, ಆದರೆ ಕಾವಲಿಗೆ ಹೆಂಡತಿಯನ್ನು ಕೂರಿಸಬೇಡಿ, ಸುಮ್ನೆ ಜಗಳ ಆಗುತ್ತೆ. ವಾರಕ್ಕೆ ಒಂದಾದರೂ ದೀರ್ಘ ಆಟ ಆಡಿ. ಮುಗಿದ ಮೇಲೆ, ಎಂಜಿನ್ (ಆಟ ವಿಶ್ಲೇಷಿಸುವ ಕಂಪ್ಯೂಟರ್ ಪ್ರೋಗ್ರಾಂ) ಹಾಕುವ ಮೊದಲು, ಕೈಯಲ್ಲಿ ಬರೆಯಿರಿ: ಎಲ್ಲಿ ಎಡವಿದೆ, ಆಗ ತಲೆಯಲ್ಲಿ ಏನಿತ್ತು. ಎಂಜಿನ್ ಒಳ್ಳೆ ನಡೆ ತೋರಿಸುತ್ತೆ, ಆ ಹೊತ್ತಿಗೆ ನೀವು ಅಂಕ ಎಣಿಸುತ್ತಿದ್ದಿರಿ ಅಂತ ಅದಕ್ಕೇನು ಗೊತ್ತು?

ನಾಲ್ಕನೇ ಭೇಟಿಗೆ ನೋಟ್‌ಬುಕ್ ತಂದರು. ಬರೆದಿದ್ದ ಒಂಬತ್ತು ಸೋಲಿನಲ್ಲಿ ಆರರ ಮುಂದೆ ಒಂದೇ ಮಾತು: "ಗೆಲ್ತಿದ್ದೆ, ಅವಸರ ಮಾಡಿದೆ." ನಿದ್ರೆ ಹನ್ನೊಂದೂವರೆಗೆ ಬರುತ್ತಿದೆಯಂತೆ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಹನ್ನೆರಡು ಅಂಕ ಇಳಿದಿದೆ ಮೇಡಂ" ಅಂದರು.

ನೋಡಬೇಡಿ ಅಂದಿದ್ದೆ ಅಲ್ವಾ ಸರ್, ಅಂದೆ. ನಕ್ಕರು.